ಒಂಬತ್ತನೇ ದಿನದ ಗುಂಡಿಗೆ

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಇಲ್ಸಿಯಾರಳ ಇಪ್ಪತ್ತಮೂರನೇ ಗುಂಡಿಗೆಯೂ ಕೈಕೊಟ್ಟಿತು.

ಗುಂಡಿಗೆ ಅವಳದಲ್ಲ, ಏಳು ದಿನದ ಇಲಿಮರಿಯದು. ತೊಗರಿಕಾಳಿಗಿಂತ ಒಂದಿಷ್ಟು ದಪ್ಪ, ಅಷ್ಟೆ. ಮೈಯಿಂದ ಬೇರೆಯಾದ ಮೇಲೂ ಗಾಜಿನ ಕೊಳವೆಯ ತುದಿಯಲ್ಲಿ ನೇತಾಡುತ್ತ, ಬೆಚ್ಚಗಿನ ಉಪ್ಪುನೀರು ಕುಡಿಯುತ್ತ, ಯಾರ ಹಂಗೂ ಇಲ್ಲದೆ ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು. ಅದಕ್ಕೆ ಕಟ್ಟಿದ ರೇಷ್ಮೆ ಎಳೆ ಒಂದು ಸಣ್ಣ ಕಡ್ಡಿಯನ್ನು ಅಲುಗಿಸುತ್ತಿತ್ತು. ಆ ಅಲುಗಾಟವನ್ನು ಯಂತ್ರದ ಲೇಖನಿ ಉರುಳುವ ಕಾಗದದ ಮೇಲೆ ಹಲ್ಲುಹಲ್ಲಾಗಿ ಬರೆಯುತ್ತಿತ್ತು. ನಿಮಿಷಕ್ಕೆ ಇನ್ನೂರ ಇಪ್ಪತ್ತು. ಮೆಜಟಾನ್ ಎಂಬ ಔಷಧಿಯನ್ನು ಇಲ್ಸಿಯಾರ್ ನಾಲ್ಕು ಹನಿ ಬಿಟ್ಟು, ಉಸಿರು ಬಿಗಿಹಿಡಿದು ಕಾದಳು. ಹಲ್ಲುಗಳು ಒತ್ತೊತ್ತಾಗಬೇಕಿತ್ತು. ಬಿಡಿಬಿಡಿಯಾದವು. ಇನ್ನೂರ ಹತ್ತು, ಇನ್ನೂರ ಎರಡು, ನೂರ ತೊಂಬತ್ತಾರು.

"ನಿನ್ನೆದು ಓಡ್ತು, ಇವತ್ತಿಂದು ಕೂತ್ಕೊಂಡ್ತು," ಎಂದಳು.

ಪಕ್ಕದ ಮೇಜಿನ ಡಾಮಿರ್ ಕತ್ತು ಚಾಚಿ ನೋಡಿದ. ಅವನೂ ಅವಳ ಹಾಗೆಯೇ ಪದವಿಗಾಗಿ ಪ್ರಬಂಧ ಬರೆಯುತ್ತಿದ್ದವನು. ಅವನ ಕಪ್ಪೆಗಳು ಹೇಳಿದ ಮಾತು ಕೇಳುತ್ತಿದ್ದವು, ಹಾಗಾಗಿ ಅವನಿಗೆ ನಗುವುದಕ್ಕೆ ಪುರುಸೊತ್ತಿತ್ತು. "ಎತ್ತು ಏರಿಗೆ, ಕೋಣ ನೀರಿಗೆ. ನಿನ್ನ ಗಾಡಿ ಶುಕ್ರವಾರದೊಳಗೆ ಊರು ಸೇರಲ್ಲ ಬಿಡು."

"ನಿನ್ನ ಕಪ್ಪೆ ಜೊತೆ ಮಾತಾಡ್ಕೋ, ಹೋಗು."

ಕಜಾನ್ ಊರಿನಲ್ಲಿ ಆಗ ಏಪ್ರಿಲ್. ಕಜಾಂಕಾ ನದಿಯ ಮೇಲಿನ ಮಂಜುಗಡ್ಡೆ ಬಿರಿದು ಎರಡು ದಿನವಾಗಿತ್ತು, ಊರಿಗೆ ಊರೇ ದಡಕ್ಕೆ ಹೋಗಿ ನೋಡಿಕೊಂಡು ಬಂದಿತ್ತು. ಇಲ್ಸಿಯಾರ್ ಹೋಗಿರಲಿಲ್ಲ. ನಾಲ್ಕು ತಿಂಗಳಿಂದ ಅವಳು ಈ ಮೂರನೇ ಮಹಡಿಯ ಕೋಣೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ವಿಷಯ ಇಷ್ಟೆ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಹರಿಯುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದರ ಮಾತು ಗುಂಡಿಗೆಗೆ ಮುಟ್ಟಬೇಕಾದರೆ ಬಾಗಿಲುಗಳಿವೆ. ಪುಸ್ತಕದಲ್ಲಿ ಅವಕ್ಕೆ ಗ್ರಾಹಕಗಳು ಎಂದು ಹೆಸರು, ಇಲ್ಸಿಯಾರಳ ಮನಸ್ಸಿನಲ್ಲಿ ಮಾತ್ರ ಅವು ಯಾವತ್ತೂ ಬಾಗಿಲುಗಳೇ. ಬೀಟಾ ಬಾಗಿಲು ತಟ್ಟಿದರೆ ಗುಂಡಿಗೆ ಯಾವ ವಯಸ್ಸಿನಲ್ಲೂ ಓಡುತ್ತದೆ, ಅದರಲ್ಲಿ ತಕರಾರಿಲ್ಲ. ಆಲ್ಫಾ ಬಾಗಿಲು ಹಾಗಲ್ಲ. ಬೆಳೆದ ಇಲಿಯಲ್ಲಿ ಅದನ್ನು ತಟ್ಟಿದರೆ ಗುಂಡಿಗೆ ನಿಧಾನವಾಗುತ್ತದೆ. ಹಸುಳೆ ಮರಿಯಲ್ಲಿ ಅದೇ ಬಾಗಿಲು ತಟ್ಟಿದರೆ ಓಟ ಕೀಳುತ್ತದೆ. ನಡುವೆ ಯಾವತ್ತೋ ಒಂದು ದಿನ, ಬೆನ್ನಿನ ಕಡೆಯಿಂದ ಹೊರಟ ನರಗಳು ಬಂದು ಮುಟ್ಟುವ ಹೊತ್ತಿಗೆ, ಗುಂಡಿಗೆ ತನ್ನ ಮನಸ್ಸು ಬದಲಿಸಿಕೊಳ್ಳುತ್ತದೆ. ಯಾವತ್ತು? ಇಲ್ಸಿಯಾರಳ ಪ್ರಬಂಧವೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಬೀಟಾ ಬಾಗಿಲಿಗೆ ಬೇರೊಂದು ಔಷಧಿಯಿಂದ ಚಿಲಕ ಹಾಕಿ, ಮೆಜಟಾನಿನಿಂದ ಆಲ್ಫಾ ಒಂದನ್ನೇ ತಟ್ಟಿ ನೋಡುತ್ತಿದ್ದಳು. ಮೂರು ದಿನದ ಮರಿಗಳೆಲ್ಲ ಓಡಿದವು. ಹದಿನಾಲ್ಕು ದಿನದವೆಲ್ಲ ನಿಧಾನವಾದವು. ಏಳು ದಿನದವು ಮಾತ್ರ ಅವಳ ಜೀವ ತಿನ್ನುತ್ತಿದ್ದವು. ಹನ್ನೆರಡು ಓಡಿದವು, ಇವತ್ತಿನದೂ ಸೇರಿ ಹನ್ನೊಂದು ನಿಧಾನವಾದವು. ಕೂಡಿ ಭಾಗಿಸಿದರೆ ಸೊನ್ನೆ.

ಹನ್ನೊಂದು ಗಂಟೆಗೆ ಪ್ರೊಫೆಸರ್ ತಲ್ಗಾತ್ ಮಿನ್ನೂಲೊವಿಚ್ ಬಂದರು. ಎತ್ತರದ ಮನುಷ್ಯ, ಬೂದು ಮೀಸೆ, ಬಿಳಿ ಕೋಟಿನ ಗುಂಡಿ ಕುತ್ತಿಗೆವರೆಗೂ ಹಾಕಿದವರು. ಕಾಗದದ ಸುರುಳಿ ಎತ್ತಿ ಕಿಟಕಿಗೆ ಹಿಡಿದು ನೋಡಿದರು.

"ಮತ್ತೆ?"

"ಮತ್ತೆ, ತಲ್ಗಾತ್ ಮಿನ್ನೂಲೊವಿಚ್. ಇದು ನಿಧಾನ ಆಯ್ತು."

"ಇದು ಸರಿಯಾಗೇ ಇದೆ. ಏಳನೇ ದಿನ ನಿಧಾನವೇ ಆಗ್ಬೇಕು. ನಾನು ಅಳೆದಾಗ ನಲವತ್ತಕ್ಕೆ ನಲವತ್ತೂ ನಿಧಾನ ಆಗಿದ್ವು. ಓಡಿವೆಯಲ್ಲ ಆ ಹನ್ನೆರಡು, ಅವು ನಿನ್ನ ಕೈಯ ತಪ್ಪು."

"ಕೈ ಒಂದೇ ಅಲ್ವಾ? ನೀರಿನ ಬಿಸಿ ಒಂದೇ, ಔಷಧಿ ಒಂದೇ..."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ." ಅವರು ಸುರುಳಿಯನ್ನು ಮೇಜಿನ ಮೇಲೆ ಇಟ್ಟರು. ಎಸೆಯಲಿಲ್ಲ, ಎಸೆದಿದ್ದರೇ ವಾಸಿಯಿತ್ತು. "ಲೆನಿನ್‌ಗ್ರಾದ್‌ನಲ್ಲಿ ಕ್ರುಪೆನಿನ್ ಅಂತ ಒಬ್ಬ ಇದಾನೆ. ಏಳನೇ ದಿನ ಓಡ್ತವೆ ಅಂತ ಹದಿನೆಂಟು ವರ್ಷದಿಂದ ಬರೀತಾ ಇದಾನೆ. ನಾನು ಹದಿನೆಂಟು ವರ್ಷದಿಂದ ಇಲ್ಲ ಅಂತಾ ಇದೀನಿ. ನೀನು ಹೋಗಿ ಶುಕ್ರವಾರ ವಿಭಾಗದ ಸಭೇಲಿ ಪ್ರಬಂಧ ಒಪ್ಪಿಸ್ತಾ ಇಬ್ರೂ ಸರಿ ಅಂದ್ರೆ ಜನ ಎಲ್ಲಿಂದ ನಗ್ತಾರೆ ಗೊತ್ತಾ? ಏಳನೇ ದಿನದ ಗುಂಪು ಪೂರ್ತಿ ಹೊಡೆದುಹಾಕು. ಮೂರು ಮತ್ತೆ ಹದಿನಾಲ್ಕು ಇಟ್ಕೋ."

"ಅದು ಹೋದ್ರೆ ಪ್ರಬಂಧದಲ್ಲಿ ಇನ್ನೇನು ಉಳಿಯತ್ತೆ?"

"ಸ್ವಲ್ಪ ಉಳಿಯತ್ತೆ," ಎಂದು ಹೊರಟುಹೋದರು.

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವರು. ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು, ಅವರು ಸುಳ್ಳು ಅಳೆಯುವ ಮನುಷ್ಯರಲ್ಲ. ಇಲ್ಸಿಯಾರಳನ್ನು ಅದೇ ಹೆಚ್ಚು ಸುಡುತ್ತಿತ್ತು. ಅವರ ನಲವತ್ತೂ ನಿಜ, ತನ್ನ ಹನ್ನೆರಡೂ ನಿಜ. ಎರಡೂ ನಿಜವಾಗುವುದು ಹೇಗೆ?

ಅಳು ಬರುತ್ತಿದೆ ಎನಿಸಿದಾಗ ಅವಳು ಇಲಿಗಳ ಮನೆಗೆ ಇಳಿದುಹೋಗುತ್ತಿದ್ದಳು. ನೆಲಮಾಳಿಗೆ, ಬೆಚ್ಚಗೆ, ಮರದ ಹೊಟ್ಟಿನ ವಾಸನೆ. ಅಲ್ಲಿ ಇಬ್ಬರು ಹೆಂಗಸರಿದ್ದರು. ಎಡಗಡೆಯ ಗೂಡುಗಳೆಲ್ಲ ಕ್ಲಾವಳ ಪಾಲು, ಆರು ವರ್ಷದ ಹಿಂದೆ ಬಂದ ರಷ್ಯನ್ ಹೆಂಗಸು, ಕನ್ನಡಕ ಮೂಗಿನ ತುದಿಗೆ ಇಟ್ಟುಕೊಂಡು ಎಲ್ಲವನ್ನೂ ಬರೆದಿಡುವವಳು. ಬಲಗಡೆಯವು ಮಿನ್ಸಿಲು ಅಪಾಳವು, ಅಪಾ ಎಂದರೆ ಅಲ್ಲಿಯವರ ಬಾಯಲ್ಲಿ ಅಕ್ಕ. ಮಿನ್ಸಿಲು ಅಪಾ ಬಂದು ಮೂವತ್ತು ವರ್ಷ. ಹಳ್ಳಿಯವಳು, ತಲೆಗೆ ಬಿಳಿ ವಸ್ತ್ರ, ಕೈ ಎರಡೂ ರೊಟ್ಟಿ ಹಿಟ್ಟು ನಾದಿ ನಾದಿ ಅಗಲವಾದವು. ಅವಳ ಇಲಿಗಳು ಗುಂಡುಗುಂಡಗೆ ಇರುತ್ತಿದ್ದವು, ಮರಿಗಳಂತೂ ಕ್ಲಾವಳ ಮರಿಗಳ ಒಂದೂವರೆ ಪಟ್ಟು. ಕಾರಣ ಇಡೀ ಸಂಸ್ಥೆಗೇ ಗೊತ್ತಿತ್ತು. ಅವಳು ಮನೆಯಿಂದ ಕತಿಕ್ ತರುತ್ತಿದ್ದಳು. ಕತಿಕ್ ಎಂದರೆ ನಮ್ಮ ಗಟ್ಟಿ ಮೊಸರೇ ಅನ್ನಿ. ಬಾಣಂತಿ ಇಲಿಗಳಿಗೆ ಅದನ್ನು ನವಣೆ ಗಂಜಿಗೆ ಕಲಸಿ ಇಡುತ್ತಿದ್ದಳು. "ಮಿನ್ಸಿಲು ಅಪಾಳ ಕತಿಕ್ ತಿಂದ್ರೆ ಇಲಿ ಏನು, ಡಾಮಿರೂ ದಪ್ಪ ಆಗ್ತಾನೆ," ಎಂಬುದು ಅಲ್ಲಿಯ ಹಳೇ ತಮಾಷೆ. ಮರಿಗಳ ತೂಕ ಏಕೆ ಹೆಚ್ಚು ಎಂದು ಯಾರೂ ಇನ್ನೊಂದು ಸಲ ಕೇಳಿದವರಲ್ಲ.

ಇಲ್ಸಿಯಾರ್ ಬಲಗಡೆಯ ಗೂಡುಗಳ ಮುಂದೆ ಸುಮ್ಮನೆ ನಿಂತಳು. ಒಂದು ಗೂಡಿನಲ್ಲಿ ಎಂಟು ಮರಿ. ಒಂದು ಅಂಚಿಗೆ ಬಂದು ಮೂಗು ಆಡಿಸುತ್ತ ಅವಳನ್ನೇ ನೋಡಿತು, ಕಪ್ಪು ಮಣಿಯಂಥ ಎರಡು ಕಣ್ಣು. ಇವಳೂ ಅದನ್ನು ನೋಡಿದಳು. ಗೂಡಿನ ಚೀಟಿ ನೋಡಿದಳು. ಮತ್ತೆ ಮರಿಯನ್ನು ನೋಡಿದಳು.

ಚೀಟಿಯ ಪ್ರಕಾರ ಮರಿಗೆ ಹನ್ನೆರಡು ದಿನ.

ಇಲಿಮರಿ ಕಣ್ಣು ಬಿಡುವುದು ಹದಿನಾಲ್ಕು ಹದಿನೈದಕ್ಕೆ. ಇದು ಕಣ್ಣು ಬಿಟ್ಟು, ಮೂಗು ಚಾಚಿ, ಊರು ನೋಡುತ್ತ ಕೂತಿದೆ. ಇಲ್ಸಿಯಾರ್ ಇನ್ನೊಂದನ್ನು ಎತ್ತಿದಳು. ಬಿಟ್ಟ ಕಣ್ಣು. ಮತ್ತೊಂದು. ಬಿಟ್ಟ ಕಣ್ಣು. ಎಂಟಕ್ಕೆ ಎಂಟೂ. ಮೊಸರು ತಿಂದರೆ ಮೈ ಬರಬಹುದು. ಮೊಸರು ತಿಂದರೆ ಕಣ್ಣು ಮೂರು ದಿನ ಮುಂಚೆ ಬಿಡುತ್ತದೆಯೆ?

ಕೈಯಲ್ಲಿದ್ದ ಮರಿಯನ್ನು ಗೂಡಿಗೆ ಬಿಟ್ಟಳು.

"ಮಿನ್ಸಿಲು ಅಪಾ! ಮಿನ್ಸಿಲು ಅಪಾ, ಎಲ್ಲಿದೀರಿ?"

"ಎಲ್ಲಿಗೆ ಹೋಗ್ಲಿ? ಇಲ್ಲೇ ಇದೀನಿ." ಮಿನ್ಸಿಲು ಅಪಾ ಮೂಲೆಯಲ್ಲಿ ಹಾಲು ಬೆರೆಸಿದ ಚಹಾ ಕುಡಿಯುತ್ತ ಕೂತಿದ್ದಳು. "ಬಾ ಮಗಳೇ, ಕೂತ್ಕೋ. ಮುಖ ನೋಡಿದ್ರೆ ಮನೆಗೆ ಬೆಂಕಿ ಬಿದ್ದವರ ಹಾಗಿದೀಯ. ಎಚ್‌ಪೊಚ್‌ಮಾಕ್ ಇದೆ, ಮಾಂಸ ಜಾಸ್ತಿ ಹಾಕಿದೀನಿ, ತಿನ್ನು."

"ತಿಂತೀನಿ, ತಿಂತೀನಿ. ಮೊದ್ಲು ಒಂದು ಮಾತು ಹೇಳಿ. ಚೀಟಿ ಮೇಲೆ ಹುಟ್ಟಿದ ದಿನ ಬರೀತೀರಲ್ಲ, ಯಾವತ್ತಿನದು ಬರೀತೀರಿ?"

"ಎಣಿಸಿದ ದಿನದ್ದು."

"ಎಣಿಸೋದು ಯಾವತ್ತು?"

"ಮೂರು ದಿನ ಕಳೆದ ಮೇಲೆ. ಇನ್ಯಾವತ್ತು ಎಣಿಸ್ತಾರೆ?"

ಇಲ್ಸಿಯಾರ್ ಕೂತುಬಿಟ್ಟಳು. ಅಲ್ಲಿ ಸ್ಟೂಲಿತ್ತು, ಪುಣ್ಯಕ್ಕೆ.

ಮಿನ್ಸಿಲು ಅಪಾಗೆ ರೇಗಿತು. "ಏನು ಹಾಗೆ ನೋಡ್ತೀಯ? ನಾನು ಸುಳ್ಳು ಬರೆಯೋಳಲ್ಲ. ನಮ್ಮಜ್ಜಿ ಮನೇಲಿ ಕುರಿ ಈದ್ರೆ ಮೂರು ದಿನ ಯಾರೂ ಎಣಿಸ್ತಿರ್ಲಿಲ್ಲ, ಬಾಯಿಬಿಟ್ಟು ಎಷ್ಟು ಅಂತ ಹೇಳ್ತಿರ್ಲಿಲ್ಲ. ಕಣ್ಣು ಬೀಳತ್ತೆ. ಇಲ್ಲಿಗೆ ಬಂದ ಮೊದಲ ವರ್ಷ ಆಗಿನ ಸಾಹೇಬರು ಹುಟ್ಟಿದ ದಿನಾನೇ ಎಣಿಸು ಅಂದ್ರು. ಗೂಡು ತೆಗೆದೆ, ಕೈ ಹಾಕಿದೆ, ಒಂಬತ್ತು ಅಂದೆ. ಬೆಳಗಾಗೋದ್ರೊಳಗೆ ತಾಯಿ ಒಂಬತ್ತನ್ನೂ ತಿಂದು ಹಾಕಿತ್ತು. ಬೈಸ್ಕೊಂಡವಳು ನಾನು. ಆವತ್ತಿಂದ ಮೂರು ದಿನ ನಾನು ಆ ಕಡೆ ನೋಡೋದೂ ಇಲ್ಲ. ಎಣಿಸೋ ತನಕ ಅದು ಹುಟ್ಟಿದ ಹಾಗಲ್ಲ."

"ಯಾರಿಗೂ ಹೇಳ್ಲಿಲ್ವಾ, ಅಪಾ?"

"ಯಾರು ಕೇಳಿದ್ರು?"

ಹೌದಲ್ಲ, ಯಾರೂ ಕೇಳಿರಲಿಲ್ಲ. ಮೂವತ್ತು ವರ್ಷ ಎಷ್ಟೋ ಜನ ಈ ಮೆಟ್ಟಿಲು ಇಳಿದು, ಚೀಟಿ ಓದಿ, ಮರಿ ಎತ್ತಿಕೊಂಡು ಹತ್ತಿದ್ದರು. ಓದುಬರಹ ಬಲ್ಲವರಿಗೆ ಬರೆದದ್ದರ ಮೇಲೆ ಬಹಳ ನಂಬಿಕೆ.

"ಕ್ಲಾವಾ?" ಎಂದಳು ಇಲ್ಸಿಯಾರ್. "ಕ್ಲಾವಾನೂ ಹಾಗೇನಾ?"

"ಅವಳಾ! ಮರಿ ಪೂರ್ತಿ ಹೊರಗೆ ಬಂದಿರಲ್ಲ, ಇವಳು ಪೆನ್ಸಿಲ್ ತೆಗೆದಿರ್ತಾಳೆ. ಅವಳ ಇಲಿಗಳಿಗೆ ಅವಳದೇ ಗಟ್ಟಿ ಗುಂಡಿಗೆ, ಏನೂ ಮಾಡ್ಕೊಳಲ್ಲ."

ಇಲ್ಸಿಯಾರ್ ಎದ್ದು ಮಿನ್ಸಿಲು ಅಪಾಳ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು, ಎಚ್‌ಪೊಚ್‌ಮಾಕ್ ಎಂಬ ಆ ಮಾಂಸದ ಕಡುಬನ್ನು ಕೈಯಲ್ಲಿ ಹಿಡಿದು ಓಡಿದಳು. ಮೂರು ಮಹಡಿಯನ್ನು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಹಿಂದಿನಿಂದ "ಬಿಸಿ ಇದೆ, ನಿಧಾನ!" ಎನ್ನುವುದು ಕೇಳಿಸಿತು.

"ಡಾಮಿರ್! ಕಪ್ಪೆ ಬಿಡು, ಬಾ ಇಲ್ಲಿ!"

ಅವಳ ಪುಸ್ತಕದಲ್ಲಿ ಒಂದೊಂದು ಪ್ರಯೋಗದ ಪುಟಕ್ಕೂ ಆಯಾ ಗೂಡಿನ ಚೀಟಿ ಅಂಟಿಸಿತ್ತು. ಇದೊಂದು ಅಭ್ಯಾಸಕ್ಕಾಗಿ ಅವಳಿಗೆ ಬಹುಮಾನ ಕೊಡಬೇಕು. ಇಬ್ಬರೂ ನೆಲದ ಮೇಲೆ ಕೂತು ಇಪ್ಪತ್ತಮೂರು ಸುರುಳಿಗಳನ್ನು ಹರಡಿಕೊಂಡರು. ಎಡಗಡೆ ಗೂಡಿನವು ಎಡಕ್ಕೆ, ಬಲಗಡೆಯವು ಬಲಕ್ಕೆ.

"ಎಡದ್ದು, ಓಡ್ತು. ಎಡದ್ದು, ಓಡ್ತು. ಬಲದ್ದು, ನಿಧಾನ. ಬಲದ್ದು, ನಿಧಾನ," ಡಾಮಿರ್ ಓದುತ್ತ ಹೋದ. ಮೊದಲು ನಗುತ್ತಿದ್ದವನು ಹತ್ತು ಸುರುಳಿ ಆಗುವಷ್ಟರಲ್ಲಿ ನಗು ನಿಲ್ಲಿಸಿದ್ದ. "ಎಡದ್ದು, ಓಡ್ತು. ಅಯ್ಯೋ ದೇವರೇ. ಬಲದ್ದು, ನಿಧಾನ. ಎಡದ್ದು... ನಿಧಾನ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಒಂದು ತಾನೆ," ಎಂದ ಡಾಮಿರ್, ಸಮಾಧಾನದ ದನಿಯಲ್ಲಿ. "ಒಂದು ಅಡ್ಡ ಹೋದ್ರೆ..."

"ಒಂದೂ ಹೋಗ್ಬಾರ್ದು!" ಇಲ್ಸಿಯಾರ್ ಪುಟ ತಿರುಗಿಸಿ ಚೀಟಿಯನ್ನು ಮೂಗಿನ ಹತ್ತಿರ ಹಿಡಿದಳು. ಫೆಬ್ರುವರಿ ತಿಂಗಳದು. ಕ್ಲಾವಾ ಯಾವಾಗಲೂ ನೇರಳೆ ಪೆನ್ಸಿಲಿನಲ್ಲಿ ಬರೆಯುವವಳು. ಇದು ನೀಲಿ ಶಾಯಿ, ದೊಡ್ಡ ದೊಡ್ಡ ಅಕ್ಷರ. "ಕ್ಲಾವಾಗೆ ಆಗ ಜ್ವರ ಬಂದಿತ್ತು ನೋಡು! ಹದಿನೈದು ದಿನ ಬಂದಿರ್ಲಿಲ್ಲ. ಗೂಡು ಎಡಗಡೆದೇ, ಬರೆದಿದ್ದು ಮಿನ್ಸಿಲು ಅಪಾ!"

ಡಾಮಿರ್ ಆ ಸುರುಳಿಯನ್ನು ಎರಡೂ ಕೈಯಲ್ಲಿ ಎತ್ತಿ, ಮದುಮಗಳನ್ನು ಕೂರಿಸುವ ಮರ್ಯಾದೆಯಿಂದ ಬಲಗಡೆಗೆ ಇಟ್ಟ. ಹನ್ನೆರಡು, ಹನ್ನೊಂದು. ಒಂದೂ ಅಡ್ಡ ಹೋಗಿರಲಿಲ್ಲ. ಸೊನ್ನೆ ಎಂದುಕೊಂಡು ಬಿಸಾಡಬೇಕಿದ್ದ ರಾಶಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಎರಡು ಭಾಗವಾಗಿತ್ತು. ಏಳನೇ ದಿನ ಗುಂಡಿಗೆ ಓಡುತ್ತದೆ. ಹತ್ತನೇ ದಿನ ನಿಧಾನವಾಗುತ್ತದೆ. ಮೂರೇ ದಿನದ ಸಂದಿಯಲ್ಲಿ ಎಲ್ಲ ನಡೆದುಹೋಗುತ್ತದೆ! ನಾಲ್ಕು ತಿಂಗಳು ಗೊತ್ತಿಲ್ಲದೆ ಅವಳು ಆ ಸಂದಿಯ ಎರಡೂ ದಡದಲ್ಲಿ ಓಡಾಡಿದ್ದಳು. ಇಲ್ಸಿಯಾರ್ ನೆಲದ ಮೇಲೆ ಕೂತಲ್ಲೇ ಡಾಮಿರನ ಬೆನ್ನಿಗೆ ಗುದ್ದಿದಳು. ಅಷ್ಟು ಸಂತೋಷ ಅವಳಿಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ಬೆನ್ನು ಉಜ್ಜಿಕೊಳ್ಳುತ್ತ ಡಾಮಿರ್ ಮತ್ತೆ ಬಲಗಡೆಯ ರಾಶಿ ನೋಡಿದ.

"ಇಲ್ಸಿಯಾರ್. ಕ್ಲಾವಾ ಬಂದು ಆರು ವರ್ಷ. ಅದಕ್ಕೆ ಮುಂಚೆ ಇಲ್ಲಿ ಮರಿ ಸಾಕ್ತಿದ್ದವರು ಯಾರು?"

ಮಿನ್ಸಿಲು ಅಪಾ ಒಬ್ಬಳೇ. ಅಂದರೆ ತಲ್ಗಾತ್ ಮಿನ್ನೂಲೊವಿಚ್‌ರ ನಲವತ್ತೂ ಮರಿಗಳು ಹತ್ತು ದಿನದವು. ಆ ಅಳತೆಗಳದೇ ಪಠ್ಯಪುಸ್ತಕ ಸೇರಿದ ಪಟ್ಟಿ, ಕ್ರುಪೆನಿನ್‌ನನ್ನು ಸಭೆ ಸಭೆಗಳಲ್ಲಿ ಹಣಿದ ಪಟ್ಟಿ, ಅವರನ್ನು ಪ್ರೊಫೆಸರ್ ಮಾಡಿದ ಪಟ್ಟಿ.

"ಹುಲಿ ಬಾಲ ತುಳಿತಾ ಇದೀಯ," ಎಂದ ಡಾಮಿರ್. "ಸುಮ್ನೆ ಏಳನೇ ದಿನ ಹೊಡೆದುಹಾಕು, ಪದವಿ ತಗೋ, ಆಮೇಲೆ ನಿಧಾನಕ್ಕೆ..."

"ಆಮೇಲೆ ಅಂದ್ರೆ ಯಾವಾಗ? ಅವರು ಸತ್ತ ಮೇಲಾ?"

"ಹಾಗಂದ್ರೆ ಹಾಗೇ."

ಇಲ್ಸಿಯಾರಳಿಗೆ ಭಯವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಭಯದ ಅಡಿಯಲ್ಲಿ ಇನ್ನೊಂದು ಕುಣಿಯುತ್ತಿತ್ತು, ಅದನ್ನು ಕೂರಿಸಲು ಅವಳಿಂದ ಸಾಧ್ಯವಿರಲಿಲ್ಲ. ಏಳಕ್ಕೆ ಓಟ, ಹತ್ತಕ್ಕೆ ನಿಧಾನ. ಹಾಗಾದರೆ ಒಂಬತ್ತಕ್ಕೆ ಏನು?

ಮತ್ತೆ ಕೆಳಗಿಳಿದಳು. ಮಿನ್ಸಿಲು ಅಪಾಳ ಬಳಿ ಚೀಟಿಯ ಪ್ರಕಾರ ಐದು ದಿನದ ಮರಿಗಳಿದ್ದವು.

"ಇವು ನಿಜವಾಗಿ ಹುಟ್ಟಿದ್ದು ಯಾವತ್ತು, ಅಪಾ? ನೋಡಿಲ್ಲ ಅನ್ಬೇಡಿ."

ಮಿನ್ಸಿಲು ಅಪಾ ಬಾಗಿಲ ಕಡೆ ನೋಡಿ, ಗುಟ್ಟು ಹೇಳುವವಳಂತೆ ಬಗ್ಗಿದಳು. "ಹೋದ ಮಂಗಳವಾರ. ಬೆಳಗಿನ ಚಹಾಕ್ಕೆ ನೀರಿಟ್ಟಿದ್ದೆ, ಕುಂಯ್ ಕುಂಯ್ ಅಂತ ಕೇಳಿಸ್ತು. ನೋಡ್ಲಿಲ್ಲ. ಕೇಳಿಸ್ಕೊಂಡೆ ಅಷ್ಟೆ."

ನಾಳೆ ಗುರುವಾರ. ನಾಳೆಗೆ ಒಂಬತ್ತು.

ಗುರುವಾರ ಬೆಳಿಗ್ಗೆ ಇಲ್ಸಿಯಾರ್ ಪ್ರೊಫೆಸರ್ ಕೋಣೆಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಅವರ ಪಟ್ಟಿಯ ವಿಷಯ ಒಂದನ್ನು ಬಿಟ್ಟು. ಅದನ್ನು ಹೇಳಲು ಬಾಯಿ ಬರಲಿಲ್ಲ. ಅವರು ಕೇಳುತ್ತ ಕೇಳುತ್ತ ಮೀಸೆ ಸವರುವುದನ್ನು ನಿಲ್ಲಿಸಿದರು.

"ಕೆಲಸದ ಹೆಂಗಸು ಹೇಳಿದ ಮಾತಿನ ಮೇಲೆ ಒಂದು ಅಧ್ಯಾಯ ಕಟ್ತೀಯ?"

"ಮಾತಿನ ಮೇಲಲ್ಲ, ಬಿಟ್ಟ ಕಣ್ಣಿನ ಮೇಲೆ. ಮತ್ತೆ ಇವತ್ತು ಒಂಬತ್ತನೇ ದಿನದ ಮರಿ ಇದೆ. ಹನ್ನೊಂದು ಗಂಟೆಗೆ ಬನ್ನಿ. ತಪ್ಪಾದ್ರೆ ಗುಂಪು ನಾನೇ ಹೊಡೆದುಹಾಕ್ತೀನಿ."

"ಒಂಬತ್ತು ಅನ್ನೋದಕ್ಕೆ ಸಾಕ್ಷಿ?"

"ಸಾಕ್ಷಿ ಬರ್ತಾರೆ."

ಬರುತ್ತೇನೆಂದು ಮಿನ್ಸಿಲು ಅಪಾ ಇನ್ನೂ ಒಪ್ಪಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ದಿನವೂ ಅವಳು ಮೂರನೇ ಮಹಡಿಗೆ ಹತ್ತಿದವಳಲ್ಲ. "ಬೆಳೆಸೋ ಕೈ ನಂದು, ಅಲ್ಲಿ ಏನಾಗತ್ತೋ ಅದು ನಿಮ್ಮ ಕೈ. ನಂಗೆ ತೋರಿಸ್ಬೇಡಿ," ಎನ್ನುತ್ತಿದ್ದಳು. ಇಲ್ಸಿಯಾರ್ ಬೇಡಿದಳು, ಅಂಗಲಾಚಿದಳು. ಕೊನೆಗೆ "ನೀವು ಸುಳ್ಳು ಬರೀತೀರಿ ಅಂತ ಮೇಲೆ ಅಂದ್ಕೋತಾ ಇದಾರೆ," ಎಂದಳು. ಮಿನ್ಸಿಲು ಅಪಾ ತಲೆವಸ್ತ್ರ ಬಿಚ್ಚಿ ಬಿಗಿಯಾಗಿ ಕಟ್ಟಿಕೊಂಡು ಮೆಟ್ಟಿಲ ಕಡೆ ಹೊರಟಳು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಗುಂಡಿಗೆ ಕೊಳವೆಯ ತುದಿಯಲ್ಲಿತ್ತು. ಕತ್ತರಿಯ ಕೆಲಸ ಮುಗಿಯುವವರೆಗೆ ಮಿನ್ಸಿಲು ಅಪಾ ಕಿಟಕಿಯ ಕಡೆ ಮುಖ ಮಾಡಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ ನಿಂತಿದ್ದಳು. ಆಮೇಲೆ ತಿರುಗಿದಳು. ಉಪ್ಪುನೀರಿನಲ್ಲಿ ತೊಗರಿಕಾಳಿನಷ್ಟು ಕೆಂಪು ಜೀವ ತಾನೇ ತಾನಾಗಿ ಮಿಡಿಯುತ್ತಿತ್ತು.

"ಇನ್ನೂ ಹೊಡ್ಕೋತಾ ಇದೆ!" ಎಂದಳು. ಕೈ ಬಾಯಿಗೆ ಹೋಯಿತು. "ಒಂಟಿಯಾಗಿದೆ, ಆದ್ರೂ ಹೊಡ್ಕೋತಾ ಇದೆಯಲ್ಲ ಮಗಳೇ!"

ಪ್ರೊಫೆಸರ್ ಬಂದು ಸ್ಟೂಲು ಎಳೆದುಕೊಂಡು ಲೇಖನಿಯ ಎದುರಿಗೇ ಕೂತರು. ಡಾಮಿರ್ ಬಾಗಿಲಿಗೆ ಒರಗಿ ನಿಂತ. ನಿಮಿಷಕ್ಕೆ ಇನ್ನೂರ ಹದಿನಾರು, ಹಲ್ಲುಗಳು ಒಂದರ ಪಕ್ಕ ಒಂದು ಸಾಲಾಗಿ. ಇಲ್ಸಿಯಾರ್ ಬೀಟಾ ಬಾಗಿಲಿಗೆ ಚಿಲಕ ಹಾಕಿದಳು, ಹತ್ತು ನಿಮಿಷ ಕಾದಳು. ಇನ್ನೂರ ನಾಲ್ಕಕ್ಕೆ ಬಂದು ನಿಂತಿತು. ಮೆಜಟಾನ್ ನಾಲ್ಕು ಹನಿ.

ಪ್ರೊಫೆಸರ್ ಲೇಖನಿಯ ಕಡೆ ಬಗ್ಗಿದರು.

ಹಲ್ಲುಗಳು ಒತ್ತಿಕೊಂಡು ಬಂದವು. ಇನ್ನೂರ ಹತ್ತು. ಇನ್ನೂರ ಹದಿನೆಂಟು. ಓಡುತ್ತಿದೆ! ಇನ್ನೂರ ಇಪ್ಪತ್ತನಾಲ್ಕು. ಪ್ರೊಫೆಸರ್ ತುಟಿ ಬಿಗಿಯಾಯಿತು. ಅರ್ಧ ನಿಮಿಷ ಹಾಗೇ ಓಡಿದ ಗುಂಡಿಗೆ ಇದ್ದಕ್ಕಿದ್ದಂತೆ ಒಂದು ಮಿಡಿತ ತಡೆಯಿತು. ಇನ್ನೊಂದು ತಡೆಯಿತು. ಇನ್ನೂರ ಹದಿನೈದು. ಇನ್ನೂರು. ನೂರ ತೊಂಬತ್ತು. ನೂರ ಎಂಬತ್ತನಾಲ್ಕು. ಅಲ್ಲೇ ನಿಂತಿತು.

ಒಂದೇ ಗುಂಡಿಗೆ. ಒಂದೇ ಔಷಧಿ. ಎರಡೂ ಮಾಡಿತ್ತು.

"ಇನ್ನೊಂದು ಸಲ," ಎಂದರು ಪ್ರೊಫೆಸರ್. ಅವರ ದನಿ ಯಾರದೋ ಹುಡುಗನ ದನಿಯಂತಿತ್ತು.

ತೊಳೆದು ಮತ್ತೆ ಹನಿ ಬಿಟ್ಟಳು. ಓಡಿತು, ತಡೆಯಿತು, ನಿಧಾನವಾಯಿತು. ಅದೇ ತಾಯಿಯ ಇನ್ನೊಂದು ಮರಿ. ಓಡಿತು, ತಡೆಯಿತು, ನಿಧಾನವಾಯಿತು. ಮೂರನೆಯದು ಓಟವನ್ನು ಸ್ವಲ್ಪ ಕಡಿಮೆ ಮಾಡಿ, ಬೇಗನೆ ಕೆಳಗಿಳಿಯಿತು. ಬರುತ್ತಿರುವ ನರಗಳು ಅರ್ಧ ಬಂದಿವೆ, ಅರ್ಧ ಇನ್ನೂ ದಾರಿಯಲ್ಲಿವೆ. ಮನಸ್ಸು ಬದಲಿಸುತ್ತಿರುವ ಗುಂಡಿಗೆಯನ್ನು ಅವರು ಬದಲಿಸುತ್ತಿರುವಾಗಲೇ ಹಿಡಿದಿದ್ದರು. ಡಾಮಿರ್ ಬಾಗಿಲಲ್ಲೇ ನಿಂತು "ಉರ್ರಾ!" ಎಂದು ಕೂಗಿಬಿಟ್ಟು, ಬಾಯಿ ಮುಚ್ಚಿಕೊಂಡ.

ಮಧ್ಯಾಹ್ನ ಎರಡಾಗಿತ್ತು. ಪ್ರೊಫೆಸರ್ ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಅವರು ದಡ್ಡರಲ್ಲ. ಇಲ್ಸಿಯಾರ್ ಬೆಳಿಗ್ಗೆ ನುಂಗಿದ ಮಾತು ಅವರಿಗೆ ಹೊಳೆಯಲು ಇಷ್ಟು ಹೊತ್ತು ಬೇಕಾಗಿರಲಿಲ್ಲ. ಕೇಳಲು ಬೇಕಾಗಿತ್ತು, ಅಷ್ಟೆ.

"ಮಿನ್ಸಿಲು ಅಪಾ," ಎಂದರು, ತಲೆ ಎತ್ತದೆ. "ನನ್ನ ಕಾಲದಲ್ಲೂ ಹೀಗೇನಾ? ನಂಗೆ ಕೊಟ್ಟವೂ?"

"ಎಲ್ರಿಗೂ ಹೀಗೇ, ತಲ್ಗಾತ್. ನಿಂಗೆ ಬೇರೆ ಮಾಡ್ತೀನಾ?" ಅವಳಿಗೆ ಅದರಲ್ಲಿ ಮುಚ್ಚಿಡುವುದು ಏನಿದೆಯೆಂದೇ ತಿಳಿಯಲಿಲ್ಲ. "ನೀನು ಆಗ ಕಡ್ಡಿ ಥರ ಇದ್ದೆ. ಒಂದೇ ಒಂದು ಕೋಟು, ತೋಳು ಹರಿದಿತ್ತು. ಪಾಪ ಅಂತ ನಿಂಗೆ ಯಾವಾಗ್ಲೂ ಚೆನ್ನಾಗಿ ಬಲಿತ ಮರೀನೇ ಆರಿಸಿ ಕೊಡ್ತಿದ್ದೆ."

ಇಲ್ಸಿಯಾರ್ ನೆಲ ನೋಡಿದಳು. ಇನ್ನು ಸಿಡಿಲು ಬಡಿಯುತ್ತದೆ ಎಂದುಕೊಂಡಳು. ಮಿನ್ಸಿಲು ಅಪಾಳ ಮೇಲೋ, ತನ್ನ ಮೇಲೋ.

ಸಿಡಿಲು ಬಡಿಯಲಿಲ್ಲ. ಪ್ರೊಫೆಸರ್ ಎದ್ದರು, ಕೋಟಿನ ಮೇಲಿನ ಗುಂಡಿ ಬಿಚ್ಚಿದರು, ಮಿನ್ಸಿಲು ಅಪಾಳನ್ನು ತೋಳು ಹಿಡಿದು ಮೂರೂ ಮಹಡಿ ಇಳಿಸಿ ಬಿಟ್ಟುಬಂದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆಯವರೆಗೂ ಹೊರಗೆ ಬರಲಿಲ್ಲ. ಇಲ್ಸಿಯಾರಳಿಗೆ ಹೂಂ ಎಂದೂ ಹೇಳಲಿಲ್ಲ, ಊಹೂಂ ಎಂದೂ ಹೇಳಲಿಲ್ಲ.

ಶುಕ್ರವಾರ ಸಭೆಯ ಕೋಣೆ ತುಂಬಿತ್ತು. ಪಕ್ಕದ ವಿಭಾಗದವರೂ ಬಂದಿದ್ದರು, ಡಾಮಿರನ ಬಾಯಿ ಸುಮ್ಮನೆ ಇರುವ ಬಾಯಲ್ಲ. ಇಲ್ಸಿಯಾರಳ ಹೆಸರು ಮೊದಲು ಕೂಗಬೇಕಿತ್ತು. ಅವಳು ಎದ್ದು ನಿಲ್ಲುವಷ್ಟರಲ್ಲಿ ತಲ್ಗಾತ್ ಮಿನ್ನೂಲೊವಿಚ್ ತಾವೇ ಕಪ್ಪುಹಲಗೆಯ ಹತ್ತಿರ ಹೋದರು.

"ಅವಳಿಗಿಂತ ಮುಂಚೆ ನಂದು ಎರಡು ನಿಮಿಷ," ಎಂದರು.

ಸೀಮೆಸುಣ್ಣ ತೆಗೆದು ತಮ್ಮ ಹಳೆಯ ಪಟ್ಟಿಯನ್ನು ಬರೆದರು. ನೋಡಿಕೊಳ್ಳದೆ, ಬಾಯಿಪಾಠದಿಂದ. ಮೂರನೇ ದಿನ, ಓಟ. ಏಳನೇ ದಿನ, ನಿಧಾನ, ನಲವತ್ತು ಮರಿಗಳು. ಅಲ್ಲಿದ್ದ ಪ್ರತಿಯೊಬ್ಬರೂ ಅದನ್ನು ಓದಿ ಪರೀಕ್ಷೆ ಪಾಸಾದವರೇ. ಆಮೇಲೆ ಮೂರನ್ನು ಹೊಡೆದುಹಾಕಿ ಆರು ಎಂದು ಬರೆದರು. ಏಳನ್ನು ಹೊಡೆದುಹಾಕಿ ಹತ್ತು ಎಂದು ಬರೆದರು.

"ನನ್ನ ಮರಿಗಳು ಮೂರು ದಿನ ದೊಡ್ಡವು. ನನಗೆ ಗೊತ್ತಿರ್ಲಿಲ್ಲ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಏಳನೇ ದಿನದ ವಿಷಯದಲ್ಲಿ ಕ್ರುಪೆನಿನ್ ಹೇಳಿದ್ದೇ ಸರಿ. ನೆನ್ನೆ ಅವನಿಗೆ ಫೋನು ಮಾಡಿ ಹೇಳಿದೀನಿ. ಅವನು ಮೊದಲು ಕೇಳಿದ್ದೇ ಒಂಬತ್ತನೇ ದಿನ ಏನಾಗತ್ತೆ ಅಂತ." ಅವರು ಸೀಮೆಸುಣ್ಣವನ್ನು ಇಲ್ಸಿಯಾರಳ ಕೈಗಿಟ್ಟರು. "ಅದನ್ನ ನಾನು ಹೇಳೋದಲ್ಲ."

ಹೋಗಿ ಮುಂದಿನ ಬೆಂಚಿನಲ್ಲಿ, ಮೊದಲ ವರ್ಷದ ಹುಡುಗಿಯೊಬ್ಬಳ ಪಕ್ಕದಲ್ಲಿ ಕೂತರು.

ಇಲ್ಸಿಯಾರ್ ಹಲಗೆಯ ಕಡೆ ತಿರುಗಿದಳು. ಏಳು ಎಂದು ಬರೆದು ಓಟ ಎಂದಳು. ಹತ್ತರ ಹಿಂದೆ ಜಾಗ ಬಿಟ್ಟು ಒಂಬತ್ತು ಎಂದು ಬರೆದಳು. ಅದರ ಎದುರಿಗೆ ಎರಡು ಬಾಣ ಹಾಕಿದಳು, ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ. ಕೋಣೆಯಲ್ಲಿ ಗುಸುಗುಸು ಎದ್ದಿತು, ಹಿಂದಿನ ಸಾಲಿನವರು ಎದ್ದು ನಿಂತರು, ಮೂರು ನಾಲ್ಕು ಜನ ಒಟ್ಟಿಗೇ ಮಾತಾಡತೊಡಗಿದರು. ಅವಳು ಸುರುಳಿ ಬಿಚ್ಚಿ ಹಲಗೆಯ ಉದ್ದಕ್ಕೂ ಹಿಡಿದಳು, ಒಂದು ಮೊಳ, ಎರಡು ಮೊಳ, ಹಲ್ಲುಗಳು ಒತ್ತುವುದು, ತಡೆಯುವುದು, ಬಿಡಿಸಿಕೊಳ್ಳುವುದು. ಬುಧವಾರದಿಂದ ಆದದ್ದನ್ನೆಲ್ಲ ಒಂದೊಂದಾಗಿ ಹೇಳಿದಳು.

ಮುಗಿದ ಮೇಲೆ ಎಲ್ಲರಿಗಿಂತ ಮೊದಲು ಎದ್ದದ್ದು ಮುಂದಿನ ಬೆಂಚಿನ ಒಂದು ಕೈ. ಬಿಳಿ ಕೋಟಿನ ಕೈ. ಅಪ್ಪಣೆ ಸಿಗುವವರೆಗೂ ಅದು ಮೇಲೇ ಇತ್ತು. ಇಲ್ಸಿಯಾರ್ ತಲೆಯಾಡಿಸಿದಳು.

ತಲ್ಗಾತ್ ಮಿನ್ನೂಲೊವಿಚ್ ಎದ್ದು ನಿಂತರು. ಐದು ವರ್ಷದಲ್ಲಿ ಮೊದಲ ಸಲ ಅವಳನ್ನು, ಸಮಾನರನ್ನು ಮರ್ಯಾದೆಯಿಂದ ಕರೆಯುವ ಹಾಗೆ, ತಂದೆಯ ಹೆಸರು ಸೇರಿಸಿ ಕರೆದರು.

"ಇಲ್ಸಿಯಾರ್ ಖಲೀಲೊವ್ನಾ," ಎಂದರು, "ನೀವು ಒಪ್ಪಿದ್ರೆ, ನನ್ನದೊಂದು ಪ್ರಶ್ನೆ ಇದೆ."